ಕನೈವ್ ಕಲಿಸಿದ ಅಕ್ಕೋರು

ಎರಡು ನಿಮಿಷದ ಮೌನದಲ್ಲಿ ನಾನು ಕಣ್ಣು ಮುಚ್ಚಲಿಲ್ಲವಂತೆ. ಹಾಗೆಂದು ನನ್ನ ಮೇಲೆ ದೂರು ಬಂದಿದೆ. ಶ್ರದ್ಧಾಂಜಲಿ ಸಭೆಯ ಅಧ್ಯಕ್ಷರೇ ನನ್ನ ತಮ್ಮನಿಗೆ ಫೋನು ಮಾಡಿ, "ನಿಮ್ಮ ಅಕ್ಕಾರಿಗೆ ವಯಸ್ಸಾಗೇತಿ, ಒಪ್ಪತೇನಿ. ಆದ್ರ ನಾಕ ಮಂದ್ಯಾಗ ಹ್ಯಾಂಗಿರಬೇಕು ಅನ್ನೂದು ತಿಳೀಬೇಕಲ್ಲ?" ಎಂದರಂತೆ. ನಾನು ತಮ್ಮನನ್ನು ಕೇಳಿದ್ದು ಒಂದೇ ಮಾತು: "ಅವರು ಕಣ್ಣ ಮುಚ್ಚಿದ್ರ, ನಾ ಕಣ್ಣ ತೆರದದ್ದು ಅವರಿಗೆ ಹ್ಯಾಂಗ ಕಾಣಸ್ತು?" ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಸಭೆ ಮುಗಿದು ವಾರವಾದರೂ ನನ್ನ ಸಿಟ್ಟು ಇಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಭೆ ನಮ್ಮ ಅಕ್ಕೋರದ್ದು. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಹಾದಿಯಲ್ಲಿರುವ ಒಂದು ಪೇಟೆ ಊರು ನಮ್ಮದು. ಅಷ್ಟು ಹೇಳಿದರೆ ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತದೆ.

ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಏನೆಂದರು ಗೊತ್ತೇ? ಶಾಂತಮೂರ್ತಿ ಅಂದರು. ಸಹನೆಯ ಸಾಕಾರ ಅಂದರು. ಯಾರ ಮನಸ್ಸನ್ನೂ ನೋಯಿಸದ ತಾಯಿ ಅಂದರು. ಯಾರ ಅಕ್ಕೋರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ನಾನು ಹಾರ ಹಾಕಿದ ಫೋಟೋವನ್ನು ಮತ್ತೊಮ್ಮೆ ನೋಡಿದೆ. ಅವರೇ. ಫೋಟೋದಲ್ಲೂ ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. ಶಾಂತಮೂರ್ತಿಯಂತೆ! ನಾವು ಹುಡುಗಿಯರು ಅವರಿಗೆ ಇಟ್ಟ ಹೆಸರು ಮೆಣಸಿನಕಾಯಿ ಅಕ್ಕೋರು.

ಸಿಟ್ಟು ಅವರ ಮೂಗಿನ ತುದಿಯಲ್ಲಿತ್ತು. ಎತ್ತರದ ಆಳು, ಕಪ್ಪು ಮೈ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಮಳೆ ಇರಲಿ ಬಿಡಲಿ ಕೈಯಲ್ಲಿ ಕೊಡೆ. ಆ ಕೊಡೆಯ ತುದಿಯಿಂದ ನೆಲ ಕುಟ್ಟುತ್ತಾ ಅವರು ಓಣಿಗೆ ಬಂದರೆ, ಶಾಲೆ ತಪ್ಪಿಸಿ ಮನೆಯಲ್ಲಿ ಕೂತ ಹುಡುಗಿಯರ ತಾಯಂದಿರು ಒಳಗೆ ಓಡುತ್ತಿದ್ದರು. ಯಾರ ಮನೆಯಲ್ಲೂ ಅವರು ಚಹಾ ಕುಡಿಯುತ್ತಿರಲಿಲ್ಲ. "ಮಂದಿ ಮನಿ ಚಹಾ ಬಾಯಿ ಮುಚ್ಚಸತೈತಿ" ಅನ್ನುತ್ತಿದ್ದರು. ಹತ್ತಿ ಬಿಡಿಸುವ ಒಂದು ಜಿನ್ನಿನ ಮಗ್ಗುಲಿಗೆ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಹಣೆಯಲ್ಲಿ ಕುಂಕುಮವಿತ್ತು, ಮನೆಯಲ್ಲಿ ಗಂಡ ಇರಲಿಲ್ಲ. ಯಾಕೆಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಆಗಿನ ಕಾಲದ ಒಂದು ಸಂಗತಿ ಹೇಳಬೇಕು. ಐವತ್ತರ ದಶಕದ ಮೊದಲ ವರ್ಷಗಳು. ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದೆವು. ಇಂಗ್ಲಿಷನ್ನು ಎಂಟನೇ ಇಯತ್ತೆಯಿಂದ ಕಲಿಸಬೇಕೆಂಬ ನಿಯಮ ಬಂದಿತ್ತು. ನಮ್ಮೂರಿನ ಹೆಣ್ಣುಮಕ್ಕಳ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಲೆಕ್ಕ ಹಾಕಿ ನೋಡಿ. ಹೆಣ್ಣುಮಕ್ಕಳಿಗೆ ಇಂಗ್ಲಿಷು ಕಲಿಸಬಾರದೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಒಬ್ಬ ಹುಡುಗಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಇದನ್ನು ಕಂಡು ಅಕ್ಕೋರಿಗೆ ಮೈಯೆಲ್ಲ ಉರಿಯಿತು. ಅವರು ಖಾಸಗಿಯಾಗಿ ಕೂತು ಇಂಗ್ಲಿಷು ಕಲಿತವರು. ಸಂಜೆ ಶಾಲೆ ಬಿಟ್ಟ ಮೇಲೆ ಐದು ಹುಡುಗಿಯರನ್ನು ಉಳಿಸಿಕೊಂಡು ಕಸೂತಿ ಕ್ಲಾಸು ತೆರೆದರು. ಹೆಸರಿಗೆ ಕಸೂತಿ, ಒಳಗೆ ಇಂಗ್ಲಿಷು.

ಅವರ ಹತ್ತಿರ ರಟ್ಟಿಲ್ಲದ ಒಂದು ಇಂಗ್ಲಿಷ್ ಶಬ್ದಕೋಶವಿತ್ತು. ಎ ಮತ್ತು ಬಿ ಅಕ್ಷರದ ಹಾಳೆಗಳನ್ನು ಗೆದ್ದಲು ತಿಂದಿತ್ತು. ಹೀಗಾಗಿ ನಮ್ಮ ಇಂಗ್ಲಿಷು ಸಿ ಅಕ್ಷರದಿಂದ ಶುರುವಾಯಿತು. ನಮಗೆ ಆಪಲ್ ಗೊತ್ತಿರಲಿಲ್ಲ, ಬಾಲ್ ಗೊತ್ತಿರಲಿಲ್ಲ. ಕ್ಯಾಲಮಿಟಿ ಗೊತ್ತಿತ್ತು. ಅಕ್ಕೋರು ಶಬ್ದದ ಅರ್ಥ ಬಾಯಿಪಾಠ ಮಾಡಿಸುತ್ತಿರಲಿಲ್ಲ. "ಇದನ್ನ ಎಲ್ಲೆ ನೋಡೀರಿ? ಕಂಡದ್ದು ಹೇಳ್ರಿ" ಅನ್ನುತ್ತಿದ್ದರು. ಕಣ್ಣಿಂದ ಕಾಣದ ಶಬ್ದವನ್ನು ಬರೆಯಲು ಬಿಡುತ್ತಿರಲಿಲ್ಲ. ಹೊಳೆಆಲೂರಿಗೆ ಅಜ್ಜಿಯ ಮನೆಗೆ ಹೋಗಿ ಬಂದಿದ್ದ ಹುಡುಗಿ, ಮಲಪ್ರಭೆ ಏರಿ ಬಂದು ಬಣವೆಗಳನ್ನೆಲ್ಲ ಎತ್ತಿಕೊಂಡು ಹೋದದ್ದನ್ನು ಹೇಳಿದ ಮೇಲೆಯೇ ಕ್ಯಾಲಮಿಟಿ ನಮ್ಮ ಪಾಟಿಗೆ ಇಳಿದದ್ದು.

ನಮ್ಮ ಐವರಲ್ಲಿ ಜಾಣೆ ನೀಲವ್ವ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅವಳಪ್ಪ ಎಣ್ಣೆಕಾಳಿನ ವ್ಯಾಪಾರಿ, ಶಾಲೆಗೆ ಗೋಡೆ ಗಡಿಯಾರ ಕೊಟ್ಟ ದೊಡ್ಡ ಮನುಷ್ಯ. ನಾವು ಒಂದು ಶಬ್ದಕ್ಕೆ ಒಂದು ಉದಾಹರಣೆ ತರಲು ಒದ್ದಾಡುವಾಗ ಅವಳು ಮೂರು ತರುತ್ತಿದ್ದಳು.

ಕನೈವ್ ಎಂಬ ಶಬ್ದ ಬಂದದ್ದು ಏಳನೇ ಇಯತ್ತೆಯ ಶಿವರಾತ್ರಿ ಮುಗಿದ ಮೇಲೆ. ಅಕ್ಕೋರು ಕೋಶ ನೋಡಿ, ಲವಂಗ ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ಸರಿಸಿ, ಇದ್ದಕ್ಕಿದ್ದಂತೆ ನಮ್ಮ ಕಡೆ ಒಂದು ಕಣ್ಣು ಮುಚ್ಚಿ ತೆರೆದರು. ಅಕ್ಕೋರು ಕಣ್ಣು ಹೊಡೆಯುವುದೇ! ನಮಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂತು.

"ನಗಬ್ಯಾಡ್ರಿ. ಕನೈವ್ ಅಂದ್ರ ಇದ. ಕಣ್ಣ ಮುಚ್ಚೂದು. ತಪ್ಪು ನಡದೈತಿ, ನೀವು ನೋಡೀರಿ, ನೋಡಿ ಕಣ್ಣ ಮುಚ್ಚೀರಿ."

"ಜಾಣ ಕುರುಡ ಏನ್ರಿ ಅಕ್ಕೋರ?" ಅಂದಳು ನೀಲವ್ವ.

"ಹತ್ರ ಬಂದಿ. ಆದ್ರ ಪೂರಾ ಅಲ್ಲ. ಕೇಳ್ರಿ. ಕಾಣಲಿಲ್ಲಂದ್ರ ಅದು ಕುರುಡು, ಅದಕ್ಕ ತಪ್ಪಿಲ್ಲ. ಕಂಡು ಅಂಜಿ ಸುಮ್ಮನಿದ್ರ ಅದು ಅಂಜಿಕಿ. ಆದ್ರ ಕಂಡು, 'ನಾ ಕಣ್ಣ ಮುಚ್ಚಿದ್ರ ಈ ಕೆಲಸ ಸಸಾರ ಆಗತೈತಿ, ಆಗಲಿ' ಅಂತ ಮುಚ್ಚಿದ್ರ? ಕಳ್ಳನ ಕೈಗೆ ದೀಪ ಹಿಡದ್ಹಾಂಗ. ಕಣ್ಣ ಮುಚ್ಚಿದಾಂವನೂ ಆ ಕೆಲಸದಾಗ ಪಾಲುಗಾರ. ಇದು ಕನೈವ್. ನಾಳೆ ಎಲ್ಲಾರೂ ಒಂದೊಂದ ಕಂಡಕೊಂಡ ಬರ್ರಿ."

ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮವ್ವ ಕಸೂತಿಯಲ್ಲಿ ಎತ್ತಿದ ಕೈ. ನಾನು ದಿನವೂ ಕ್ಲಾಸಿಗೆ ಒಯ್ಯುತ್ತಿದ್ದ ಕುಪ್ಪಸದ ಖಣದ ಮೇಲಿನ ಗೋಪುರ ತಿಂಗಳುಗಟ್ಟಲೆ ಅರ್ಧಕ್ಕೇ ನಿಂತದ್ದು ಅವಳಿಗೆ ಕಾಣದೇ? ಕಾಣುತ್ತಿತ್ತು. ಏನೂ ಅನ್ನದೆ ಮಡಿಚಿ ಚೀಲದಲ್ಲಿ ಇಡುತ್ತಿದ್ದಳು. ಅದನ್ನೇ ಹೇಳಿದೆ. "ನಮ್ಮವ್ವ ಕನೈವ್ ಮಾಡ್ತಾಳ್ರಿ ಅಕ್ಕೋರ. ಆದ್ರ ಇದು ಚಲೋ ಕನೈವ್ ಅಲ್ಲೇನ್ರಿ?"

ಮೆಚ್ಚುತ್ತಾರೆಂದುಕೊಂಡಿದ್ದೆ. ಅಕ್ಕೋರು ಕೆಂಡವಾದರು.

"ಚಲೋ ಕನೈವ್ ಅಂತ ಇರೂದಿಲ್ಲ! ಚಲೋ ಕೆಲಸಕ್ಕ ಕಣ್ಣ ಯಾಕ ಮುಚ್ಚಬೇಕು? ನಿಮ್ಮವ್ವ ಕಟ್ಟಿ ಮ್ಯಾಲೆ ಕುಂತು, 'ನನ್ನ ಮಗಳು ಇಂಗ್ಲೀಷ್ ಕಲಿಯಾಕ ಹೋಗ್ಯಾಳ' ಅಂತ ನಾಕ ಮಂದಿಗೆ ಹೇಳಲಿ, ಆವಾಗ ನಾ ಶರಣ ಮಾಡ್ತೇನಿ. ಇವತ್ತ ನಿನ್ನ ಸಲುವಾಗಿ ಮುಚ್ಚಿದ ಕಣ್ಣು, ನಾಳೆ ನಿನ್ನ ವಿರುದ್ಧ ಮುಚ್ಚತೈತಿ. ಕಣ್ಣಿಗೆ ರೂಢಿ ಬೀಳತೈತಿ, ತಿಳೀತೇನು?"

ನನಗೆ ತಿಳಿಯಲಿಲ್ಲ. ಅವ್ವನನ್ನು ಹೀಗೆ ಅಂದರಲ್ಲ ಎಂದು ಆ ರಾತ್ರಿ ಅಕ್ಕೋರ ಮೇಲೆ ನನಗೆ ಸಿಟ್ಟೇ ಬಂದಿತ್ತು.

ಮರುದಿನ ಒಬ್ಬಳು ಕಿರಾಣಿ ಅಂಗಡಿಯ ತಕ್ಕಡಿಗೆ ಅಂಟಿಸಿದ ಹುಣಸೆಹಣ್ಣಿನ ಸುದ್ದಿ ತಂದಳು. ಇನ್ನೊಬ್ಬಳು ಹಾಲಿಗೆ ನೀರು ಬೆರೆಸುವ ಸುದ್ದಿ. ನೀಲವ್ವನ ಸರದಿ ಬಂತು. ಅವಳು ಎದ್ದು ನಿಂತು, ಪಾಠ ಒಪ್ಪಿಸುವ ದನಿಯಲ್ಲೇ ಹೇಳಿದಳು:

"ಅಕ್ಕೋರ, ನಮ್ಮ ಅಕ್ಕನ ಲಗ್ನ ಐತ್ರಿ. ಕಾರ್ಡಿನ್ಯಾಗ ಅಕ್ಕನ ಹೆಸರ ಐತ್ರಿ. ನಿನ್ನೆ ಬಳಿ ಇಡಸಾಕ ಅಕ್ಕನ್ನ ಕುಂಡ್ರಿಸಿದ್ರು, ನನ್ನೂ ಕುಂಡ್ರಿಸಿದ್ರು. ಇಬ್ಬರಿಗೂ ಹಸರ ಬಳಿ ಇಟ್ಟರು. ಬಳಿಗಾರ ನನ್ನ ಕೈ ನೋಡಿದಾ, ಮಾರಿ ನೋಡಿದಾ, ಸುಮ್ಮನ ಇಟ್ಟಾ. ಇದು ಕನೈವ್ ಹೌದೋ ಅಲ್ಲೋ ರೀ?"

ಕೈ ಮುಂದೆ ಚಾಚಿ ತೋರಿಸಿದಳು. ಮೊಣಕೈವರೆಗೂ ಹಸಿರು ಬಳೆ. ಅಕ್ಕೋರು ಕೋಶ ಮುಚ್ಚಿದರು. "ಹೌದವ್ವಾ" ಅಂದರು. ಅವರು ನಮ್ಮನ್ನು ಅವ್ವಾ ಎಂದು ಕರೆದದ್ದು ಅದೇ ಮೊದಲು.

ನಮ್ಮ ಕಡೆಯ ಈ ಜಾಣತನವನ್ನು ಬಿಡಿಸಿ ಹೇಳುತ್ತೇನೆ. ಹದಿನೈದು ತುಂಬದ ಹುಡುಗಿಗೆ ಮದುವೆ ಮಾಡಬಾರದೆಂದು ಆಗಲೇ ಕಾನೂನಿತ್ತು. ನೀಲವ್ವನಿಗೆ ಹದಿಮೂರು. ಹೀಗಿದ್ದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂದರೆ, ವಯಸ್ಸಿಗೆ ಬಂದ ಅಕ್ಕನ ಹೆಸರಲ್ಲಿ ಕಾರ್ಡು ಹಂಚುವುದು, ಅಕ್ಕನ ಹೆಸರಲ್ಲಿ ಹಂದರ ಹಾಕುವುದು. ಅಕ್ಕಿಕಾಳು ಬೀಳುವ ಹೊತ್ತಿಗೆ ಅಕ್ಕನ ಹಿಂದೆ ಚಿಕ್ಕವಳ ಹಣೆಗೂ ಒಂದು ಬಾಸಿಂಗ ಕಟ್ಟಿ ಕೂರಿಸಿಬಿಡುವುದು. ಒಂದೇ ಹಂದರ, ಒಂದೇ ಊಟ, ಒಂದೇ ಬಾಜಾ. ಬಂದವರೆಲ್ಲ ಅಕ್ಕನ ಕಡೆ ನೋಡಿ ಅಕ್ಕಿಕಾಳು ಒಗೆಯುವುದು. ಯಾರಾದರೂ ಕೇಳಿದರೆ, "ನಾವು ಹಿರೇಕಿ ಮದಿವಿಗೆ ಹೋಗಿದ್ವಿ" ಅನ್ನುವುದು. ಸುಳ್ಳು ಹೇಳಿದಂತೆಯೂ ಆಗಲಿಲ್ಲ, ನೋಡಿ! ಇಡೀ ಊರು ಸೇರಿ ಮಾಡುವ ಈ ಕೆಲಸಕ್ಕೆ ಊರಲ್ಲಿ ಹೆಸರೇ ಇರಲಿಲ್ಲ. ಅಕ್ಕೋರ ಹರಕು ಪುಸ್ತಕದಲ್ಲಿ ಇತ್ತು.

ನೀಲವ್ವನಿಗೆ ಗೊತ್ತು ಮಾಡಿದ್ದು ನರಗುಂದದ ಒಬ್ಬ ಹತ್ತಿ ದಲಾಲನನ್ನು. ಹೆಂಡತಿ ಸತ್ತು ಆರು ತಿಂಗಳಾಗಿತ್ತು. ಹಿರಿಯ ಮಗ ನಮಗಿಂತ ದೊಡ್ಡವನು.

ಅದೇ ಸಂಜೆ ಕೊಡೆ ಕುಟ್ಟುತ್ತಾ ಅಕ್ಕೋರು ನೀಲವ್ವನ ಮನೆಗೆ ಬಂದರು. ನಮ್ಮ ಕಟ್ಟೆಗೆ ಪ್ರತಿಯೊಂದು ಮಾತೂ ಕೇಳುತ್ತಿತ್ತು.

"ಬರ್ರಿ ಅಕ್ಕೋರ, ಕುಂದರ್ರಿ. ಏ, ಚಹಾ ತರ್ರಿ."

"ಚಹಾ ಬ್ಯಾಡ್ರಿ. ನೀಲವ್ವನ ಲಗ್ನ ಮಾಡಾಕತ್ತೀರಂತ?"

"ಯಾರ ಹೇಳಿದ್ರಿ? ಲಗ್ನ ಹಿರೇಮಗಳದ್ದು. ಕಾರ್ಡ ಓದ್ರಿ, ಕಲಿತವರದೀರಿ."

"ಕಾರ್ಡ ಓದೇನ್ರಿ. ಹುಡುಗಿ ಕೈಯಾಗಿನ ಬಳಿನೂ ಓದೇನಿ."

ನೀಲವ್ವನ ಅಪ್ಪ ನಕ್ಕರು. "ಒಂದ ಹಂದರದಾಗ ಎರಡ ಕೆಲಸ ಆಗತಾವ ಅಂದ್ರ ನಿಮಗೇನ್ರಿ ತ್ರಾಸು?"

"ನನಗ ತ್ರಾಸಿಲ್ರಿ. ಹುಡುಗಿಗೈತಿ."

"ಹುಡುಗಿ ಬಾಯಿ ಬಿಟ್ಟು ಹೇಳ್ಯಾಳೇನು?"

"ಹೇಳ್ಯಾಳ್ರಿ. ನಿಮಗ ತಿಳೀಲಾರದ ಭಾಷಾದಾಗ ಹೇಳ್ಯಾಳ."

ಆ ಮಾತನ್ನು ಆ ಮನುಷ್ಯ ಗಂಟು ಕಟ್ಟಿ ಇಟ್ಟುಕೊಂಡದ್ದು ಆಮೇಲೆ ಗೊತ್ತಾಯಿತು.

ಅಕ್ಕೋರು ಬಿಡಲಿಲ್ಲ. ಗೌಡರ ವಾಡೆಗೆ ಹೋದರು. ಗೌಡರು ಮೀಸೆ ನೀವಿಕೊಂಡು, "ನನ್ನ ಕಣ್ಣಿಗೆ ಒಂದ ಮದಿವಿ ಕಾಣಾಕತ್ತೈತ್ರಿ ಅಕ್ಕೋರ. ನಿಮಗ ಎರಡ ಕಂಡ್ರ ಚಷ್ಮಾ ಹಾಕ್ಕೋರಿ" ಅಂದರಂತೆ. ಬಸ್ಸು ಹತ್ತಿ ರೋಣಕ್ಕೆ ಹೋದರು. ಅಲ್ಲಿ ಒಬ್ಬ ಸಾಹೇಬರು, "ಮದಿವಿ ಆಗೂಮಟ ಏನೂ ಆಗಿಲ್ಲಲ್ರಿ? ಆದಮ್ಯಾಲೆ ಬರ್ರಿ, ನೋಡೂಣು" ಅಂದರಂತೆ. ಇದನ್ನೆಲ್ಲ ಅಕ್ಕೋರು ಕ್ಲಾಸಿನಲ್ಲೇ ಹೇಳಿದರು. ಬಸ್ಸಿನ ಕೆಂಪು ಧೂಳು ಮುಖದ ಮೇಲೆ ಹಾಗೇ ಇತ್ತು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದರು: ಗೌಡ ಕನೈವ್ಸ್. ಸಾಹೇಬ್ ಕನೈವ್ಸ್. ಬಳೆಗಾರ, ಅಯ್ಯನವರು, ಕಾರ್ಡು ಅಚ್ಚು ಹಾಕಿದವನು, ಒಬ್ಬೊಬ್ಬರದೂ ಒಂದೊಂದು ವಾಕ್ಯ. ಖಡು ಬೋರ್ಡಿಗೆ ಬಡಿದು ಬಡಿದು ಮುರಿಯುತ್ತಿತ್ತು. ನೀಲವ್ವ ಎಲ್ಲವನ್ನೂ ಚಂದ ಅಕ್ಷರದಲ್ಲಿ ಬರೆದುಕೊಂಡಳು. ಅವಳದೇ ಮದುವೆಯ ಪಾಠ, ಅವಳೇ ಮೊದಲು ಬರೆದು ಮುಗಿಸಿದಳು.

ಮದುವೆಯ ದಿನ ಅಕ್ಕೋರನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಕಲಿಸಿದ ಅಕ್ಕೋರನ್ನು ಕರೆಯದೇ ಇರುವುದು ಮರ್ಯಾದೆಯಲ್ಲ. ಅಲ್ಲದೆ ಅಕ್ಕಿಕಾಳು ಒಗೆದು, ಹೋಳಿಗೆ ಉಂಡು ಹೋದರೆ ಅವರೂ ನಮ್ಮೊಳಗಿನವರೇ ಆಗುತ್ತಾರೆ ಎಂಬ ಲೆಕ್ಕ. ಗೌಡರು ಇದ್ದರು. ನಮ್ಮಪ್ಪ ಇದ್ದರು, ನಮ್ಮವ್ವ ಇದ್ದಳು. ಹಿರಿಯ ಜೋಡಿ ಮುಂದೆ, ಹಂದರದ ನಡುವೆ. ಅವರ ಹಿಂದೆ, ಕಂಬಕ್ಕೆ ಒತ್ತಿ, ಮೀಸೆಗೆ ಕಪ್ಪು ಹಚ್ಚಿಕೊಂಡ ದಲಾಲ. ಅವನ ಪಕ್ಕದಲ್ಲಿ ಬಾಸಿಂಗದ ಭಾರಕ್ಕೆ ಕುತ್ತಿಗೆ ಬಗ್ಗಿದ ನಮ್ಮ ನೀಲವ್ವ. ಗದಗಿನಿಂದ ಬಂದ ಫೋಟೋದವನಿಗೆ ಮುಂದಿನ ಜೋಡಿಯನ್ನಷ್ಟೇ ತೆಗೆಯಲು ಹೇಳಿದ್ದರು.

ಅಯ್ಯನವರ ಮಂತ್ರ ಮುಗಿಯುತ್ತಾ ಬಂತು. ಎಲ್ಲರೂ ಅಕ್ಕಿಕಾಳು ಹಿಡಿದು ಎದ್ದರು. ಅಕ್ಕೋರೂ ಎದ್ದರು. ಮುಷ್ಟಿಯನ್ನು ಬಿಗಿಯಾಗಿ ಹಿಡಿದೇ, ಶಾಲೆಯ ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಕೇಳಿದರು:

"ಎರಡನೇ ಬಾಸಿಂಗ ಯಾರದ್ರಿ?"

ಬಾಜಾದವರು ನಿಲ್ಲಿಸಿಬಿಟ್ಟರು.

"ಕಾರ್ಡಿನ್ಯಾಗ ಒಂದ ಹೆಸರ ಐತಿ. ಹಂದರದಾಗ ಎರಡ ಬಾಸಿಂಗ ಅದಾವ. ಎರಡನೇದು ಯಾರದು ಅಂತ ಯಾರರೆ ಒಬ್ಬರು ಹೇಳ್ರಿ. ನಾ ಅಕ್ಕಿಕಾಳ ಒಗೀತೇನಿ."

ಇಷ್ಟೇ ಕೇಳಿದ್ದು. ಬೈಯಲಿಲ್ಲ, ಕಾನೂನು ಹೇಳಲಿಲ್ಲ. ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಇಡೀ ಊರು ಅಲ್ಲೇ ಇತ್ತು, ಆ ಹುಡುಗಿಯನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಊರು. ಗೌಡರು ರುಮಾಲಿನ ಸೆರಗು ಸರಿಮಾಡಿಕೊಂಡರು. ನಮ್ಮಪ್ಪ ಚಷ್ಮಾ ತೆಗೆದು ಒರೆಸತೊಡಗಿದರು. ಸ್ವಚ್ಛವಿದ್ದ ಚಷ್ಮಾ! ನಮ್ಮವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದು, "ಬಾಯಿ ಬಿಟ್ಟಿ ಅಂದ್ರ ನೋಡು" ಅಂದಳು. ಥೂ! ಇವರೇನು ಕೆಟ್ಟ ಜನವೇ? ಅಲ್ಲ. ಬಾವಿಗೆ ಬಿದ್ದ ಕರುವಿಗಾಗಿ ಹಗ್ಗ ಹಿಡಿದು ಓಡುವ ಜನ. ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು. ಬಾಸಿಂಗ ಹೊತ್ತ ತಲೆ ಎತ್ತಲಾಗುತ್ತಿರಲಿಲ್ಲ, ಶಾಲೆಯಲ್ಲಿ ಹಾಜರಿ ಕರೆದಾಗ ಎತ್ತುವಂತೆ ಬಲಗೈ ಮಾತ್ರ ಎತ್ತಿ ನೀಲವ್ವ ಹೇಳಿದಳು:

"ನಂದ್ರೀ ಅಕ್ಕೋರ."

ಅವಳಪ್ಪ, "ಬಾರಸ್ರಿ! ಯಾಕ ನಿಂತ್ರಿ? ಬಾರಸ್ರಿ!" ಎಂದು ಕೂಗಿದರು. ಸನಾದಿ, ಸಂಬಾಳ ಒಮ್ಮೆಲೇ ಅಬ್ಬರಿಸಿದವು. ಅಕ್ಕಿಕಾಳು ಹಾರಿದವು. ಅಕ್ಕೋರು ತಮ್ಮ ಮುಷ್ಟಿಯ ಅಕ್ಕಿಯನ್ನು ತಟ್ಟೆಗೆ ಸುರಿದು, ಕೊಡೆ ತೆಗೆದುಕೊಂಡು, ಮಂದಿಯ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದರು. ಅವರ ಬೆನ್ನ ಹಿಂದೆಯೇ ಹೋಳಿಗೆಯ ಪಂಕ್ತಿಗೆ ಕರೆ ಬಂತು.

ಊರಿನ ಕಣ್ಣು ತೆರೆದದ್ದು ಆಮೇಲೆ. ಎಂಥ ಚಮತ್ಕಾರ ನೋಡಿ! ಕಸೂತಿ ಹೆಸರಲ್ಲಿ ಅಕ್ಕೋರು ಇಂಗ್ಲಿಷು ಕಲಿಸುತ್ತಿದ್ದಾರೆ ಎಂಬುದು ಎಲ್ಲರಿಗೂ ಒಂದೇ ದಿನ ಗೊತ್ತಾಗಿಬಿಟ್ಟಿತು. ಒಂದೂವರೆ ವರ್ಷ ಗೊತ್ತಿದ್ದದ್ದು ಈಗ ಗೊತ್ತಾಯಿತು. ನೀಲವ್ವನ ಅಪ್ಪ ಗಂಟು ಬಿಚ್ಚಿದರು: "ತಿಳೀಲಾರದ ಭಾಷಾ ಕಲಿಸಿ ಹುಡುಗ್ಯಾರನ್ನ ತಂದಿತಾಯಿಗೆ ತಿರುಗಿ ಬೀಳಸ್ತಾಳ." ಶಾಲಾ ಇಲಾಖೆಯಿಂದ ವಿಚಾರಣೆಗೆ ಬಂದವರು ತಾಯಂದಿರನ್ನು ಕರೆಸಿದರು. ನಮ್ಮವ್ವನೂ ಹೋದಳು. ನನ್ನ ಚೀಲದಿಂದ ಅದೇ ಖಣ ತೆಗೆದು, ಅರ್ಧ ಗೋಪುರದ ಮೇಲೆ ಬೆರಳಿಟ್ಟು, "ನೋಡ್ರಿ ಸಾಹೇಬ್ರ, ಇಷ್ಟ ದಿನದಾಗ ಇಷ್ಟ ಹೊಲಿಗಿ. ನಮಗ ಮೋಸ ಆಗೇತ್ರಿ" ಅಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಹೆತ್ತವ್ವ! ಅವಳನ್ನು ನಾನು ಕೊನೆಯವರೆಗೂ ನೋಡಿಕೊಂಡೆ, ಪ್ರೀತಿಯಿಂದಲೇ ನೋಡಿಕೊಂಡೆ. ಆದರೆ ಆ ಬೆರಳನ್ನು ಮರೆಯಲಿಲ್ಲ.

ಅಕ್ಕೋರನ್ನು ಕೊಣ್ಣೂರಿನಾಚೆ, ಹೊಳೆಯ ದಂಡೆಯ ಒಂದು ಹಳ್ಳಿಗೆ ವರ್ಗ ಮಾಡಿದರು. ಬಸ್ಸಿನವರೆಗೆ ಕಳಿಸಲು ಊರಿನ ಒಂದು ನರಪಿಳ್ಳೆಯೂ ಬರಲಿಲ್ಲ. ನಾನು ನೀರು ತರುವ ನೆವದಲ್ಲಿ ಕೊಡ ಹಿಡಿದು ಹೋಗಿದ್ದೆ. ಶಬ್ದಕೋಶವನ್ನು ನನಗೆ ಕೊಟ್ಟು ಹೋಗಬಹುದು ಎಂದು ಆಸೆಯಿಂದ ನೋಡಿದೆ. ಅವರು ಅದನ್ನು ಬಗಲಲ್ಲಿ ಒತ್ತಿ ಹಿಡಿದು, "ಹಂಗ ನೋಡಬ್ಯಾಡ. ಕೊಡೂದಿಲ್ಲ. ನಂದ ಇನ್ನೂ ಡಿ ಸುದ್ದಾ ಮುಗದಿಲ್ಲ" ಅಂದರು. ಅಷ್ಟು ಕಷ್ಟದಲ್ಲೂ ನನಗೆ ನಗು ಬಂತು. ಅವರು ನಗಲಿಲ್ಲ.

"ಹುಡುಗಿ, ನಾ ಯಾಕ ಕೇಳಿದ್ನಿ ಗೊತ್ತೈತೇನು? ನನಗ ಒಂಬತ್ತ ವರ್ಷ. ನಮ್ಮಕ್ಕನ ಮದಿವಿ ಅಂತ ಹೊಸಾ ಪರಕಾರ ಉಟಗೊಂಡು ಕುಣದಾಡಿದ್ನಿ. ಅಕ್ಕಿಕಾಳ ಬೀಳೂ ಹೊತ್ತಿಗೆ ನನ್ನ ಹಣಿಗೂ ಒಂದು ಕಟ್ಟಿದ್ರು. ಆಟಕ್ಕ ಕಟ್ಟ್ಯಾರ ಅಂತ ತಿಳದಿದ್ನಿ. ಆ ಹಂದರದಾಗ ಎಷ್ಟ ಮಂದಿ ಇದ್ರು! ಎರಡನೇದು ಯಾರದು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ರ ಮದಿವಿ ನಿಂದರತಿತ್ತು ಅಂತಲ್ಲ. ಆದ್ರ ಒಬ್ಬರರೆ ಕೇಳಬೇಕಿತ್ತು."

ಬಸ್ಸು ಬಂತು. ಕೊಡೆಯಿಂದ ಬಾಗಿಲನ್ನು ಬಡಿದು, ಕಂಡಕ್ಟರನಿಗೆ ನಿಲ್ಲಿಸೆಂದು ಬೈದು ಹತ್ತಿದರು.

ಆಮೇಲೆ ನಮ್ಮೂರಲ್ಲಿ ಎರಡು ಬಾಸಿಂಗ ಕಟ್ಟುವುದು ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಟ್ಟಿದರು, ಕೇಳುವವರನ್ನು ಕರೆಯುವುದನ್ನು ಬಿಟ್ಟರು. ನಾನು ಮುಂದೆ ಓದಿದೆ, ನೌಕರಿ ಮಾಡಿದೆ. ಅದೂ ನಮ್ಮಪ್ಪನ ದೊಡ್ಡಸ್ತಿಕೆಯಿಂದಲ್ಲ. ನನಗೆ ಅಕ್ಕ ಇರಲಿಲ್ಲ, ಅಷ್ಟೇ. ನೀಲವ್ವ ನರಗುಂದಕ್ಕೆ ಹೋದಳು. ತನಗಿಂತ ದೊಡ್ಡವನಾದ ಮಲಮಗನಿಗೆ ರೊಟ್ಟಿ ಬಡಿದು ಹಾಕಿದಳು. ಇಪ್ಪತ್ತು ದಾಟುವ ಮೊದಲೇ ಬಳೆ ಒಡೆಸಿಕೊಂಡಳು. ಮೂರು ಉದಾಹರಣೆ ತರುತ್ತಿದ್ದ ಹುಡುಗಿ!

ಈಗ ಇವರು ಶ್ರದ್ಧಾಂಜಲಿ ಮಾಡುತ್ತಾರೆ. ಅಧ್ಯಕ್ಷರು ಬೇರೆ ಯಾರೂ ಅಲ್ಲ, ಆ ಗೌಡರ ಮಗ. ಅಕ್ಕೋರು ನಮ್ಮೂರನ್ನು ಯಾಕೆ ಬಿಟ್ಟುಹೋದರು ಎಂಬುದನ್ನು ಒಬ್ಬ ಭಾಷಣಕಾರನೂ ಎತ್ತಲಿಲ್ಲ. "ಕಾರಣಾಂತರದಿಂದ ವರ್ಗವಾಗಿ" ಅಂದರು. ಕಾರಣಾಂತರ! ಎಲ್ಲ ಮುಗಿದ ಮೇಲೆ ಗೌಡರ ಮಗ ಮೈಕಿನಲ್ಲಿ, "ಎಲ್ಲಾರೂ ಎದ್ದು ನಿಂತು, ಕಣ್ಣು ಮುಚ್ಚಿ, ಎರಡು ನಿಮಿಷ ಮೌನ ಆಚರಿಸೋಣ" ಅಂದರು.

ಎಲ್ಲರೂ ಎದ್ದರು. ಎಲ್ಲರೂ ಮುಚ್ಚಿದರು. ಎಷ್ಟು ಸಲೀಸಾಗಿ ಮುಚ್ಚಿದರು! ನನಗೆ ಆಗಲಿಲ್ಲ. ಬೇರೆ ಯಾರಿಗಾದರೂ ಮುಚ್ಚುತ್ತಿದ್ದೆನೇನೋ, ಆ ಅಕ್ಕೋರಿಗೆ ಮುಚ್ಚಲಾರೆ. ಕಣ್ಣು ಬಿಟ್ಟುಕೊಂಡು ಸಾಲು ಸಾಲಾಗಿ ಎಲ್ಲರ ಮುಖ ನೋಡಿದೆ. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ, ಬಿಳಿ ಕೂದಲಿನ ಒಬ್ಬ ಹೆಂಗಸು ನನ್ನ ಹಾಗೆಯೇ ಕಣ್ಣು ಬಿಟ್ಟು ನಿಂತಿದ್ದಳು. ಅವಳನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಗುರುತು ಹತ್ತಿತು.

ಸಭೆ ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಹಿಡಿದೆ. "ನೀಲವ್ವಾ, ನೀನೂ ಕಣ್ಣ ಮುಚ್ಚಲಿಲ್ಲ?"

"ನಾ ಅವತ್ತೂ ಮುಚ್ಚಿರಲಿಲ್ಲವ್ವಾ" ಅಂದಳು. "ಬಾಸಿಂಗದ ಎಳಿ ನಡುವಿಂದ ಎಲ್ಲಾರ ಮಾರಿನೂ ನೋಡೀನಿ. ಗೌಡ್ರು ರುಮಾಲ ನೋಡಾಕತ್ತಿದ್ರು. ನಿಮ್ಮಪ್ಪ ಚಷ್ಮಾ ಒರಸಾಕತ್ತಿದ್ರು. ನಿಮ್ಮವ್ವನ ಮಾರಿ ಮ್ಯಾಲೆ ಸೆರಗಿತ್ತು. ಇಡೀ ಹಂದರದಾಗ ನನ್ನ ಮಾರಿ ನೋಡಿದವರು ಅಕ್ಕೋರ ಒಬ್ಬರ."